ಟ್ರಾಯ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ: ದೂರಸಂಪರ್ಕ ಮತ್ತು ಅಂಚೆ ಕುರಿತ ಪಾಠಕ್ಕೆ ಒಂದು ಟಿಪ್ಪಣಿ

ಹತ್ತನೆಯ ತರಗತಿಯಲ್ಲಿ ಗ್ರಾಹಕ ರಕ್ಷಣೆಯ ಪಾಠ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಮೊಬೈಲ್ ಸೇವೆಯ ಉದಾಹರಣೆ ಎತ್ತಿಕೊಳ್ಳುವುದು ಸಹಜ. ಮಕ್ಕಳಿಗೆ ಅದಕ್ಕಿಂತ ಹತ್ತಿರದ ಸೇವೆ ಇನ್ನೊಂದಿಲ್ಲ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅಭ್ಯಾಸ ಶಾಲೆಗಳಲ್ಲಿ ನಾನು ವೀಕ್ಷಿಸಿದ ಪಾಠಗಳಲ್ಲಿ ಒಂದೇ ವಾಕ್ಯ ಕಪ್ಪುಹಲಗೆಯ ಮೇಲೆ ಮತ್ತೆ ಮತ್ತೆ ಬಂತು: ‘ದೂರಸಂಪರ್ಕವನ್ನು ಟ್ರಾಯ್ ನಿಯಂತ್ರಿಸುತ್ತದೆ, ತೊಂದರೆಯಾದರೆ ಟ್ರಾಯ್‌ಗೆ ದೂರು ಕೊಡಬೇಕು.’ ಇದರಲ್ಲಿ ಮೊದಲ ಅರ್ಧ ಮಸುಕು, ಎರಡನೆಯ ಅರ್ಧ ತಪ್ಪು. ಮಸ್ಕಿಯ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ‘ಸರ್, ನಮ್ಮೂರಾಗ ಟವರ್ ಕೆಟ್ರ ಟ್ರಾಯ್‌ನವ್ರು ಬಂದು ರಿಪೇರಿ ಮಾಡ್ತಾರೇನ್ರೀ?’ ಎಂದು ಕೇಳಿದ. ತರಗತಿ ನಕ್ಕಿತು. ಆ ವಾಕ್ಯ ಓದಿದವನಿಗೆ ಹುಟ್ಟಬೇಕಾದ ಪ್ರಶ್ನೆಯೇ ಅದು. ಉತ್ತರ ಪಾಠಯೋಜನೆಯಲ್ಲಿ ಇರಲಿಲ್ಲ.

ಈ ಮಸುಕು ಪರೀಕ್ಷೆಯ ಅಂಕಕ್ಕಷ್ಟೇ ಸಂಬಂಧಿಸಿದ್ದಲ್ಲ. ‘ನಾವು ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ನಂಬರು ಎರಡು ಗಂಟೆಯಲ್ಲಿ ಬಂದ್ ಆಗುತ್ತದೆ, ಒಂಬತ್ತು ಒತ್ತಿರಿ’ ಎಂಬ ಮೋಸದ ಕರೆಗಳು ದೇಶದ ತುಂಬಾ ಬರುತ್ತಿವೆ. ಒತ್ತಿದವರನ್ನು ನಕಲಿ ಪೊಲೀಸರಿಗೆ ‘ವರ್ಗಾಯಿಸಿ’, ಕ್ಯಾಮೆರಾ ಮುಂದೆ ಕೂರಿಸಿ, ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಹಣ ಕೀಳುತ್ತಾರೆ. ಟ್ರಾಯ್ ಯಾವ ಗ್ರಾಹಕರಿಗೂ ಹೀಗೆ ಕರೆ ಮಾಡುವುದಿಲ್ಲ, ಯಾರ ಸಂಖ್ಯೆಯನ್ನೂ ಕಡಿತ ಮಾಡುವುದಿಲ್ಲ. ಇದನ್ನು ಟ್ರಾಯ್ ತಾನೇ ಹಲವು ಬಾರಿ ಪ್ರಕಟಣೆಯಲ್ಲಿ ಹೇಳಿದೆ. ‘ಎಲ್ಲವನ್ನೂ ನಿಯಂತ್ರಿಸುವ ದೊಡ್ಡ ಕಚೇರಿ’ ಎಂದು ಕಲಿತ ಮಗು ಮನೆಗೆ ಹೋಗಿ ಅಜ್ಜನಿಗೆ ಅದನ್ನೇ ಹೇಳಿದರೆ, ಮೋಸಗಾರನ ಅರ್ಧ ಕೆಲಸ ನಾವೇ ಮಾಡಿಕೊಟ್ಟ ಹಾಗೆ. ಆದ್ದರಿಂದ ಈ ಪಾಠದಲ್ಲಿ ಟ್ರಾಯ್‌ನ ಕೈಯಲ್ಲಿ ಏನಿದೆ ಎನ್ನುವಷ್ಟೇ ಸ್ಪಷ್ಟವಾಗಿ ಏನಿಲ್ಲ ಎನ್ನುವುದನ್ನೂ ಹೇಳಬೇಕು.

‘ನಿಯಂತ್ರಣ’ ಎಂಬ ಪದವೇ ತೊಡಕು. ಮಗುವಿನ ಮನಸ್ಸಿನಲ್ಲಿ ಅದು ಬಸ್ಸಿನ ಸ್ಟೇರಿಂಗು ಹಿಡಿದ ಚಿತ್ರ. ಇದನ್ನು ಬಿಡಿಸಲು ನಮ್ಮ ಮೂರೂ ತಾಲೂಕಿನ ಮಕ್ಕಳಿಗೆ ಗೊತ್ತಿರುವ ಒಂದು ಜಾಗವಿದೆ: ಗಂಜ್. ಎಡದಂಡೆ ಕಾಲುವೆಯ ಭತ್ತ ಸಿಂಧನೂರಿನ ಎಪಿಎಂಸಿಗೆ ಬರುವುದನ್ನು ಬಹಳ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಎಪಿಎಂಸಿ ಭತ್ತ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ತೂಕ ಸರಿಯಿರಬೇಕು, ಹರಾಜು ಎಲ್ಲರೆದುರು ನಡೆಯಬೇಕು, ದಲ್ಲಾಳಿ ರೈತನಿಗೆ ಪಟ್ಟಿ ಕೊಡಬೇಕು ಎಂಬ ನಿಯಮ ಅದರದು. ಭತ್ತದ ದರ ಇಷ್ಟೇ ಇರಲಿ ಎಂದು ಅದು ಹೇಳುವುದಿಲ್ಲ. ದರ ಹುಟ್ಟುವ ರೀತಿ ನೇರವಾಗಿರಬೇಕು ಎನ್ನುತ್ತದೆ. ಟ್ರಾಯ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಲಿಂಗಸುಗೂರಿನಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಈ ಹೋಲಿಕೆ ಹಿಡಿದು ಪಾಠ ಮಾಡಿದಾಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಆತ ಮಕ್ಕಳಿಂದಲೇ ಹೇಳಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಯಾರ ಕೈಯಲ್ಲಿ ಏನಿದೆ ನೋಡೋಣ. 1990ರ ದಶಕದ ಆರಂಭದವರೆಗೆ ಟೆಲಿಫೋನ್ ಎಂದರೆ ಸರ್ಕಾರದ ದೂರಸಂಪರ್ಕ ಇಲಾಖೆ. ನಿಯಮ, ದರ, ತಂತಿ, ಬಿಲ್ಲು, ದೂರು ಎಲ್ಲವೂ ಅದರದೇ. 1994ರ ದೂರಸಂಪರ್ಕ ನೀತಿಯ ನಂತರ ಖಾಸಗಿ ಕಂಪನಿಗಳು ಬಂದವು. ಆಗ ತಾನೂ ಅಂಗಡಿ ಇಟ್ಟುಕೊಂಡಿರುವವನೇ ಪಕ್ಕದ ಅಂಗಡಿಯ ತಕ್ಕಡಿ ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ 1997ರಲ್ಲಿ ಸಂಸತ್ತಿನ ಕಾಯ್ದೆಯಿಂದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸ್ಥಾಪನೆಯಾಯಿತು. ಮೊದಲ ಮೂರು ವರ್ಷ ನಿಯಮ ಮಾಡುವುದೂ ವ್ಯಾಜ್ಯ ತೀರ್ಮಾನಿಸುವುದೂ ಅದರ ಬಳಿಯೇ ಇದ್ದವು. 2000ದ ತಿದ್ದುಪಡಿ ತೀರ್ಪು ಕೊಡುವ ಕೆಲಸವನ್ನು ಬೇರ್ಪಡಿಸಿ ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿಗೆ ಒಪ್ಪಿಸಿತು. ಅದೇ ವರ್ಷ ಅಕ್ಟೋಬರ್ 1ರಂದು ಸೇವೆ ಕೊಡುವ ಕೆಲಸವೂ ಇಲಾಖೆಯಿಂದ ಹೊರಬಂದು ಬಿಎಸ್ಎನ್ಎಲ್ ಕಂಪನಿಯಾಯಿತು.

ಹೀಗೆ ಒಂದೇ ಕೈಯಲ್ಲಿದ್ದದ್ದು ನಾಲ್ಕು ಕೈಗೆ ಹಂಚಿಹೋಯಿತು. ಪರವಾನಗಿ ಕೊಡುವುದು, ತರಂಗಾಂತರ ಹರಾಜು ಹಾಕುವುದು, ಸಂಖ್ಯೆಗಳ ಯೋಜನೆ ಮಾಡುವುದು ಇಲಾಖೆಯ ಕೆಲಸ. ಪರಸ್ಪರ ಜೋಡಣೆ, ದರದ ಶಿಸ್ತು, ಸೇವೆಯ ಗುಣಮಟ್ಟದ ನಿಯಮಗಳು ಟ್ರಾಯ್‌ನವು. ಕಂಪನಿ ಮತ್ತು ಸರ್ಕಾರದ ನಡುವಿನ, ಕಂಪನಿ ಕಂಪನಿಗಳ ನಡುವಿನ ಜಗಳ ಟಿಡಿಸ್ಯಾಟ್‌ಗೆ. ಅಲ್ಲಿಂದ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಸೇವೆ ಮಾರುವುದು ಕಂಪನಿಗಳು. ಸಿಂಧನೂರಿನ ಸ್ಥಿರ ದೂರವಾಣಿಗೆ 08535, ಲಿಂಗಸುಗೂರಿಗೆ 08537 ಎಂಬ ಸಂಕೇತ ಕೊಟ್ಟದ್ದು ಟ್ರಾಯ್ ಅಲ್ಲ, ಇಲಾಖೆ. ಪರವಾನಗಿಯ ವಿಷಯದಲ್ಲಿ ಟ್ರಾಯ್ ಶಿಫಾರಸು ಮಾಡಬಹುದು, ಅದನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಬೇಕು. ದೂರಸಂಪರ್ಕ ಕಾಯ್ದೆ 2023 ಬಂದು 1885ರ ಟೆಲಿಗ್ರಾಫ್ ಕಾಯ್ದೆಯ ಜಾಗ ಹಿಡಿಯತೊಡಗಿದ ಮೇಲೂ ಈ ಹಂಚಿಕೆಯ ಮೂಲ ಸ್ವರೂಪ ಹಾಗೆಯೇ ಇದೆ. ಇಷ್ಟನ್ನು ಹಲಗೆಯ ಮೇಲೆ ನಾಲ್ಕು ಚೌಕವಾಗಿ ಬರೆದರೆ ಸಾಕು. ಕಾಯ್ದೆಗಳ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಬೇಡಿ.

ಇನ್ನು ದರ. ‘ಟ್ರಾಯ್ ಇದ್ದೂ ರೀಚಾರ್ಜ್ ಯಾಕೆ ತುಟ್ಟಿ ಆಯ್ತು?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿದವು. ಟ್ರಾಯ್ ತಡೆಯಲಿಲ್ಲ. ಕಾರಣ, ಮೊಬೈಲ್ ದರವನ್ನು ಬಹುಮಟ್ಟಿಗೆ ಮಾರುಕಟ್ಟೆಗೆ ಬಿಡುವುದೇ ಅದರ ನೀತಿ. ಕಂಪನಿ ತನಗೆ ಬೇಕಾದ ದರ ಇಡಬಹುದು. ಆದರೆ ಜಾರಿಯಾದ ಏಳು ಕೆಲಸದ ದಿನಗಳೊಳಗೆ ಟ್ರಾಯ್‌ಗೆ ವರದಿ ಮಾಡಬೇಕು, ಷರತ್ತುಗಳನ್ನು ಮುಚ್ಚಿಡಬಾರದು. ಸ್ಪರ್ಧೆ ಇದ್ದರೆ ದರ ತಾನಾಗಿ ಹದಕ್ಕೆ ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಹತ್ತಾರು ಕಂಪನಿಗಳಿದ್ದ ಕಾಲಕ್ಕೆ ಅದು ಒಪ್ಪುವ ಮಾತಾಗಿತ್ತು. ಬಿಎಸ್ಎನ್ಎಲ್ ಬಿಟ್ಟರೆ ಮೂರೇ ದೊಡ್ಡ ಕಂಪನಿಗಳು ಉಳಿದಿರುವ ಈ ಕಾಲಕ್ಕೆ ಎಷ್ಟು ಒಪ್ಪುತ್ತದೆ ಎಂಬುದು ಪಿಯುಸಿ ಅರ್ಥಶಾಸ್ತ್ರದ ತರಗತಿಯಲ್ಲಿ ಚರ್ಚೆಗೆ ಇಡಬೇಕಾದ ವಿಷಯ. ನನಗಂತೂ ಆ ತರ್ಕದ ಕಾಲು ಸ್ವಲ್ಪ ಸೊರಗಿದಂತೆ ಕಾಣುತ್ತದೆ.

ಹಾಗಾದರೆ ದರದಲ್ಲಿ ಟ್ರಾಯ್‌ನ ಕೈವಾಡ ಏನೂ ಇಲ್ಲವೇ? ಇಲ್ಲಿ ಗಣಿತ ಮೇಷ್ಟ್ರನ್ನೂ ಜೊತೆಗೆ ಕರೆಯಬಹುದು. 28 ದಿನದ ರೀಚಾರ್ಜನ್ನು ತಿಂಗಳ ರೀಚಾರ್ಜು ಎಂದೇ ನಮ್ಮಲ್ಲಿ ಕರೆಯುತ್ತಾರೆ. ವರ್ಷಕ್ಕೆ ಎಷ್ಟು ಸಲ ಹಾಕಿಸಬೇಕು? ಮಕ್ಕಳು ಹನ್ನೆರಡು ಎನ್ನುತ್ತಾರೆ. 28ನ್ನು 13ರಿಂದ ಗುಣಿಸಲಿ: 364. ಹದಿಮೂರು ಸಲ ಹಾಕಿಸಿದರೂ ವರ್ಷಕ್ಕೆ ಒಂದು ದಿನ ಕಡಿಮೆಯೇ. ಇದರ ಬಗ್ಗೆ ಗ್ರಾಹಕರಿಂದ ಆಕ್ಷೇಪ ಬಂದು 2022ರ ಜನವರಿಯಲ್ಲಿ ಟ್ರಾಯ್ ಒಂದು ತಿದ್ದುಪಡಿ ತಂದಿತು: ಪ್ರತಿ ಕಂಪನಿಯೂ 30 ದಿನದ ಒಂದಾದರೂ ಯೋಜನೆ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಇನ್ನೊಂದಾದರೂ ಯೋಜನೆ ಇಟ್ಟಿರಬೇಕು. 28 ದಿನದ್ದನ್ನು ನಿಷೇಧಿಸಲಿಲ್ಲ, 30 ದಿನದ್ದಕ್ಕೆ ಬೆಲೆ ಗೊತ್ತುಮಾಡಲಿಲ್ಲ. ಆಯ್ಕೆ ಇರಬೇಕು ಎಂದಿತು, ಅಷ್ಟೇ. 2024ರ ಡಿಸೆಂಬರಿನಲ್ಲಿ ಡೇಟಾ ಇಲ್ಲದ, ಮಾತು ಮತ್ತು ಸಂದೇಶಕ್ಕಷ್ಟೇ ಇರುವ ರೀಚಾರ್ಜು ಕೊಡಬೇಕೆಂದು ಮಾಡಿದ ನಿಯಮವೂ ಇದೇ ಬಗೆಯದು. ಬಟನ್ ಫೋನು ಇಟ್ಟುಕೊಂಡ ಅಜ್ಜಿಗೆ ಬೇಡದ ಇಂಟರ್ನೆಟ್ಟಿಗೂ ದುಡ್ಡು ಕೊಡಬೇಕಾದ ಪಾಡು ಪ್ರತಿ ಮಗುವಿಗೂ ಗೊತ್ತು. ಮನೆಯಲ್ಲಿ ಯಾವ ಯೋಜನೆ ಇದೆ, ಅದರ ದಿನದ ಲೆಕ್ಕಕ್ಕೆ ಎಷ್ಟು ಬೀಳುತ್ತದೆ ಎಂದು ಬರೆದುಕೊಂಡು ಬರಲು ಹೇಳಿದರೆ ಅದಕ್ಕಿಂತ ಒಳ್ಳೆಯ ಮನೆಗೆಲಸವಿಲ್ಲ.

ಈಗ ಗಂಜಿನ ಹೋಲಿಕೆ ಕೈಕೊಡುವ ಜಾಗ. ಒಬ್ಬ ದಲ್ಲಾಳಿ ತನ್ನ ಎದುರಾಳಿಗೆ ತಕ್ಕಡಿ ಎರವಲು ಕೊಡಬೇಕಿಲ್ಲ. ದೂರಸಂಪರ್ಕದಲ್ಲಿ ಹಾಗಲ್ಲ: ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಬೇಕಾದರೆ ಎದುರಾಳಿಯ ಜಾಲದೊಳಗೆ ಹೋಗಲೇಬೇಕು. ದೊಡ್ಡ ಕಂಪನಿ ಬಾಗಿಲು ಹಾಕಿಕೊಂಡರೆ ಸಣ್ಣದು ಒಂದೇ ದಿನಕ್ಕೆ ಮುಳುಗುತ್ತದೆ. ನಿಯಂತ್ರಕ ಯಾಕೆ ಬೇಕು ಎಂಬುದಕ್ಕೆ ನಾನು ಕೊಡುವ ಮೊದಲ ಕಾರಣ ಇದೇ. ಕರೆ ಹೋಗಿ ಮುಟ್ಟುವ ಜಾಲಕ್ಕೆ ಕರೆ ಹೊರಟ ಜಾಲ ಕೊಡಬೇಕಾದ ಶುಲ್ಕವನ್ನು ಟ್ರಾಯ್ ಗೊತ್ತುಮಾಡಿತು. ಅದು ನಿಮಿಷಕ್ಕೆ 14 ಪೈಸೆ ಇದ್ದದ್ದು 2017ರ ಅಕ್ಟೋಬರ್ 1ರಿಂದ 6 ಪೈಸೆಗೆ ಇಳಿಯಿತು, 2021ರ ಜನವರಿ 1ರಿಂದ ಸೊನ್ನೆಯಾಯಿತು. ನಡುವೆ 2019ರ ಅಕ್ಟೋಬರಿನಲ್ಲಿ ಜಿಯೋ ಬೇರೆ ಕಂಪನಿಯ ಸಂಖ್ಯೆಗೆ ಮಾಡುವ ಕರೆಗೆ ಆ 6 ಪೈಸೆಯನ್ನು ಗ್ರಾಹಕರಿಂದಲೇ ವಸೂಲು ಮಾಡತೊಡಗಿದ್ದು ಕೆಲವರಿಗೆ ನೆನಪಿರಬಹುದು. ಅದಕ್ಕೂ ಹಿಂದೆ, 2003ರ ಮೇ 1ರವರೆಗೆ, ಮೊಬೈಲಿಗೆ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಕರೆ ಮಾಡಿದವನೇ ಕೊಡಲಿ ಎಂಬ ನಿಯಮ ಬಂದ ಮೇಲೆ ‘ಮಿಸ್ಡ್ ಕಾಲ್ ಕೊಡು, ನಾನೇ ಮಾಡ್ತೀನಿ’ ಎಂಬ ಮಾತು ಊರೂರಿಗೆ ಹಬ್ಬಿತು. ಪೈಸೆಯ ನಿಯಮವೊಂದು ಜನರ ರೂಢಿಯನ್ನೇ ರೂಪಿಸಿದ ಈ ಉದಾಹರಣೆ ನನಗೆ ಬಹಳ ಇಷ್ಟ.

ಗುಳೆಯ ಮಾತು ಬರದೆ ನಮ್ಮ ಭಾಗದಲ್ಲಿ ಮೊಬೈಲಿನ ಪಾಠ ಪೂರ್ತಿಯಾಗದು. ಕೆಲಸಕ್ಕೆ ಬೆಂಗಳೂರಿಗೆ ಹೋದವರು ಕರ್ನಾಟಕ ಎಂಬ ಒಂದೇ ಸೇವಾ ವಲಯದಲ್ಲಿ ಉಳಿಯುತ್ತಾರೆ. ಹೈದರಾಬಾದಿಗೆ ಹೋದವರು ಇನ್ನೊಂದು ವಲಯಕ್ಕೆ ಹೋದಂತೆ. ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಬಂದರೂ ಅದು ವಲಯದೊಳಗೆ ಮಾತ್ರ ಇತ್ತು. ವಲಯ ದಾಟಿದರೂ ಸಂಖ್ಯೆ ಉಳಿಸಿಕೊಳ್ಳಲು 2015ರ ಜುಲೈವರೆಗೆ ಕಾಯಬೇಕಾಯಿತು. ಈಗ 1900ಕ್ಕೆ ಸಂದೇಶ ಕಳಿಸಿದರೆ ಸಂಕೇತವೊಂದು ಬರುತ್ತದೆ. ವಲಯದೊಳಗಾದರೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಆಗಬೇಕು. ಗ್ರಾಹಕ ಎದ್ದು ಹೋಗಬಲ್ಲ ಎಂಬ ಭಯವನ್ನು ಕಂಪನಿಗೆ ಹುಟ್ಟಿಸುವುದು ದಂಡಕ್ಕಿಂತ ದೊಡ್ಡ ನಿಯಂತ್ರಣ. ಒಂದು ಎಚ್ಚರಿಕೆ: ತರಗತಿಯಲ್ಲಿ ಮಕ್ಕಳಿಂದ ಈ ಸಂದೇಶವನ್ನು ನಿಜವಾಗಿ ಕಳಿಸಿ ತೋರಿಸಬೇಡಿ. ಸಿಮ್ ಹೆತ್ತವರ ಹೆಸರಿನಲ್ಲಿರುತ್ತದೆ.

ಮಸ್ಕಿಯ ಹುಡುಗನ ಟವರಿನ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ರಿಪೇರಿ ಕಂಪನಿಯದು. ರಿಪೇರಿ ಮಾಡದಿದ್ದರೆ ಏನಾಗಬೇಕು ಎಂಬ ನಿಯಮ ಟ್ರಾಯ್‌ನದು. 2024ರ ಅಕ್ಟೋಬರ್ 1ರಿಂದ ಜಾರಿಯಾದ ಗುಣಮಟ್ಟದ ನಿಯಮಗಳ ಪ್ರಕಾರ ಒಂದು ಜಿಲ್ಲೆಯಲ್ಲಿ ಸೇವೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಕಂಪನಿ ಟ್ರಾಯ್‌ಗೆ ವರದಿ ಮಾಡಬೇಕು. 24 ಗಂಟೆ ಮೀರಿದರೆ ಆ ಜಿಲ್ಲೆಯ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ಅವಧಿ ವಿಸ್ತರಣೆ ಕೊಡಬೇಕು. ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಇದೆ. ಅಳತೆಗೋಲು ಜಿಲ್ಲೆ ಎಂಬುದನ್ನು ಗಮನಿಸಿ. ರಾಯಚೂರು ಜಿಲ್ಲೆಯ ಲೆಕ್ಕದಲ್ಲಿ ಮಸ್ಕಿ ತಾಲೂಕಿನ ಒಂದು ಹಳ್ಳಿಯ ಒಂದು ಟವರು ಕಣ್ಣಿಗೇ ಬೀಳದೆ ಹೋಗಬಹುದು. ನಿಯಮ ಇದೆ, ಆ ಹುಡುಗನ ಊರನ್ನು ಅದು ಮುಟ್ಟದಿರಬಹುದು. ಎರಡನ್ನೂ ಹೇಳುವುದು ಪ್ರಾಮಾಣಿಕ ಉತ್ತರ.

ನಿಯಂತ್ರಕನಿಗೂ ಕಡಿವಾಣ ಉಂಟು. ಕರೆ ಕಡಿತವಾದರೆ ಗ್ರಾಹಕನಿಗೆ ಕರೆಗೆ ಒಂದು ರೂಪಾಯಿಯಂತೆ, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗೆ ಪರಿಹಾರ ಕೊಡಬೇಕೆಂದು 2015ರಲ್ಲಿ ಟ್ರಾಯ್ ನಿಯಮ ಮಾಡಿತು. ಜನಪ್ರಿಯ ನಿಯಮ. ಕಂಪನಿಗಳು ಕೋರ್ಟಿಗೆ ಹೋದವು. 2016ರ ಮೇ 11ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಶೇಕಡಾ 2ರವರೆಗೆ ಕರೆ ಕಡಿತವಾಗುವುದನ್ನು ನಿನ್ನದೇ ಗುಣಮಟ್ಟದ ನಿಯಮ ಒಪ್ಪಿರುವಾಗ, ಆ ಮಿತಿಯೊಳಗಿನ ಕಂಪನಿಗೂ ದಂಡ ಹಾಕುವುದು ಮನಸೋ ಇಚ್ಛೆಯ ಕ್ರಮ ಎಂಬುದು ತೀರ್ಪಿನ ಒಂದು ಮುಖ್ಯ ಕಾರಣ. ಪ್ರಕ್ರಿಯೆ ಪಾರದರ್ಶಕವಾಗಿರಲಿಲ್ಲ ಎಂಬ ಆಕ್ಷೇಪವೂ ಅದರಲ್ಲಿತ್ತು. ಕಾಯ್ದೆಯೇ ಪಾರದರ್ಶಕತೆ ಬೇಕೆನ್ನುತ್ತದೆ: ಟ್ರಾಯ್ ಮೊದಲು ಸಮಾಲೋಚನಾ ಪತ್ರ ಹೊರಡಿಸಿ, ಯಾರು ಬೇಕಾದರೂ ಅಭಿಪ್ರಾಯ ಬರೆಯಲು ಬಿಟ್ಟು, ಸಭೆ ನಡೆಸಿ, ಕಾರಣಗಳ ಸಮೇತ ನಿಯಮ ಪ್ರಕಟಿಸುತ್ತದೆ. ಕೆಲವು ಜಾಲತಾಣ ಮಾತ್ರ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು ಎಂಬ ಯೋಜನೆಗಳ ಮೇಲೆ 2015ರ ಕೊನೆಗೆ ಇಂಥ ಪತ್ರ ಬಂದಾಗ ಲಕ್ಷಗಟ್ಟಲೆ ಜನ ಬರೆದರು. 2016ರ ಫೆಬ್ರವರಿ 8ರಂದು ಅಂಥ ಭೇದದ ದರಗಳನ್ನು ಟ್ರಾಯ್ ನಿಷೇಧಿಸಿತು.

ದೂರಿನ ದಾರಿಯನ್ನು ಬೋಧಿಸುವಾಗ ಕ್ರಮ ತಪ್ಪಬಾರದು. ಮೊದಲು ಕಂಪನಿಯ ದೂರು ಕೇಂದ್ರ. ಅಲ್ಲಿ ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಶುಲ್ಕವಿಲ್ಲದೆ. ಈ ಎರಡು ಹಂತ ಕಂಪನಿಯೊಳಗೇ ಇರಬೇಕೆಂದು ಕಡ್ಡಾಯ ಮಾಡಿದ್ದು ಟ್ರಾಯ್‌ನ 2012ರ ನಿಯಮ. ಒಬ್ಬೊಬ್ಬ ಗ್ರಾಹಕನ ದೂರನ್ನು ಟ್ರಾಯ್ ತಾನೇ ತೀರ್ಮಾನಿಸುವುದಿಲ್ಲ. ಇದರ ಹೊರಗೆ ಗ್ರಾಹಕ ಆಯೋಗದ ದಾರಿ ತೆರೆದಿದೆ. ಟೆಲಿಫೋನಿನ ದೂರು ಗ್ರಾಹಕ ಆಯೋಗಕ್ಕೆ ಬರಬಹುದೇ ಎಂಬ ಗೊಂದಲ ವರ್ಷಗಟ್ಟಲೆ ಇತ್ತು. ಬರಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ನಮಗೆ ಅದು ರಾಯಚೂರಿನ ಜಿಲ್ಲಾ ಆಯೋಗ. ಮೋಸದ ಕರೆಯ ದಾರಿಯೇ ಬೇರೆ: ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಹೋಗಿರದಿದ್ದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣಕ್ಕೆ. ಇವೆರಡೂ ಟ್ರಾಯ್ ಅಲ್ಲ.

ಇಷ್ಟಾದ ಮೇಲೆ ಅಂಚೆಗೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಅಂಚೆಗೆ ನಮ್ಮಲ್ಲಿ ಟ್ರಾಯ್‌ನಂಥದ್ದು ಇಲ್ಲವೇ ಇಲ್ಲ. ಬ್ರಿಟನ್ನಿನಲ್ಲಿ ಆಫ್‌ಕಾಮ್, ಜರ್ಮನಿಯಲ್ಲಿ ಬುಂಡೆಸ್‌ನೆಟ್ಸ್‌ಅಗೆಂಟೂರ್, ಫ್ರಾನ್ಸಿನಲ್ಲಿ ಆರ್ಸೆಪ್ ಎಂಬ ಒಂದೇ ಸಂಸ್ಥೆ ದೂರಸಂಪರ್ಕವನ್ನೂ ಅಂಚೆಯನ್ನೂ ನೋಡಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಮೊದಲ ದರ್ಜೆಯ ಪತ್ರಗಳಲ್ಲಿ ಶೇಕಡಾ 93ರಷ್ಟು ಮರು ಕೆಲಸದ ದಿನ ತಲುಪಬೇಕಿತ್ತು. 2022–23ರಲ್ಲಿ ಶೇಕಡಾ 73.7 ಮಾತ್ರ ತಲುಪಿದವು. ಆಫ್‌ಕಾಮ್ ರಾಯಲ್ ಮೇಲ್ ಕಂಪನಿಗೆ 56 ಲಕ್ಷ ಪೌಂಡ್ ದಂಡ ಹಾಕಿತು. ನಮ್ಮಲ್ಲಿ ಪತ್ರ ತಡವಾದರೆ ದಂಡ ಹಾಕುವ ಮೂರನೆಯವರು ಯಾರು? ಸೇವೆ ಕೊಡುವುದು ಅಂಚೆ ಇಲಾಖೆ, ದರ ಗೊತ್ತುಮಾಡುವುದು ಅದೇ, ನಿಯಮಾವಳಿ ಮಾಡುವುದು ಅದೇ, ಡಾಕ್ ಅದಾಲತ್ ನಡೆಸಿ ದೂರು ಕೇಳುವುದೂ ಅದೇ. ಸಿಂಧನೂರಿಗೆ 584128, ಲಿಂಗಸುಗೂರಿಗೆ 584122, ಮಸ್ಕಿಗೆ 584124 ಎಂಬ ಪಿನ್ ಕೊಟ್ಟದ್ದೂ ಅದೇ. 1898ರ ಕಾಯ್ದೆ ಪತ್ರ ಸಾಗಿಸುವ ಏಕಸ್ವಾಮ್ಯವನ್ನೂ ಸರ್ಕಾರಕ್ಕೆ ಕೊಟ್ಟಿತ್ತು. ಕೊರಿಯರ್‌ನವರು ತಾವು ಸಾಗಿಸುವುದು ಪತ್ರವಲ್ಲ, ‘ದಾಖಲೆ’ ಎಂದು ಹೇಳಿಕೊಂಡು ದಶಕಗಳ ಕಾಲ ವ್ಯಾಪಾರ ಮಾಡಿದರು. 2024ರ ಜೂನ್ 18ರಿಂದ ಜಾರಿಗೆ ಬಂದ ಅಂಚೆ ಕಚೇರಿ ಕಾಯ್ದೆ 2023ರಲ್ಲಿ ಆ ಏಕಸ್ವಾಮ್ಯ ಇಲ್ಲ. ಅಂಚೆಚೀಟಿ ಹೊರಡಿಸುವ ಹಕ್ಕು ಮಾತ್ರ ಇಲಾಖೆಗೇ ಉಳಿದಿದೆ. ಬಾಗಿಲು ತೆರೆಯಿತು, ಕಾವಲಿಗೆ ಪ್ರಾಧಿಕಾರ ಬರಲಿಲ್ಲ. ನಿಯಮದಲ್ಲಿ ಹೇಳಿದ್ದನ್ನು ಬಿಟ್ಟರೆ ಬೇರೆ ಹೊಣೆ ಅಂಚೆ ಕಚೇರಿಗೆ ಇಲ್ಲ ಎಂಬ ರಕ್ಷಣೆಯನ್ನೂ ಹೊಸ ಕಾಯ್ದೆ ಉಳಿಸಿಕೊಂಡಿದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದ್ದು ಇಲಾಖೆಯ ನಿರ್ಧಾರ. ಮೊಬೈಲಿನಲ್ಲಿ ಇಂಥ ದೊಡ್ಡ ಬದಲಾವಣೆಯಾದರೆ ಟ್ರಾಯ್‌ನ ಮುಂದೆ ಒಂದು ಸಮಾಲೋಚನೆಯನ್ನಾದರೂ ನಿರೀಕ್ಷಿಸಬಹುದಿತ್ತು.

ಅಂಚೆಯ ಪರವಾಗಿಯೂ ಒಂದು ಮಾತಿದೆ. ಪ್ರಶಿಕ್ಷಣಾರ್ಥಿಗಳು ಅದನ್ನು ಬಿಟ್ಟುಬಿಡುತ್ತಾರೆ. ಮಸ್ಕಿಯಿಂದ ಲಿಂಗಸುಗೂರಿಗೂ ಗುವಾಹಟಿಗೂ ಸಾಮಾನ್ಯ ಪತ್ರಕ್ಕೆ ಹಚ್ಚುವ ಚೀಟಿ ಒಂದೇ. ದೂರ ನೋಡದ ಈ ಏಕದರ ಬ್ರಿಟಿಷ್ ಭಾರತದಲ್ಲಿ 1854ರಿಂದ ಬಂದದ್ದು. (ನಮ್ಮ ಭಾಗದಲ್ಲಿ ನಿಜಾಮರ ಸಂಸ್ಥಾನಕ್ಕೆ ತನ್ನದೇ ಅಂಚೆ, ತನ್ನದೇ ಚೀಟಿ ಇತ್ತು.) ಲಾಭ ನೋಡುವ ಕೊರಿಯರ್ ಹಳ್ಳಿಯ ಮನೆಬಾಗಿಲಿಗೆ ಈ ದರದಲ್ಲಿ ಬರುವುದಿಲ್ಲ. ಲಾಭವಿಲ್ಲದ ಊರಿಗೂ ಸೇವೆ ಮುಟ್ಟಿಸುವ ಹೊಣೆಯನ್ನು ದೂರಸಂಪರ್ಕದಲ್ಲಿ ಕಂಪನಿಗಳ ಆದಾಯದಿಂದ ತೆಗೆದಿಟ್ಟ ನಿಧಿಯ ಮೂಲಕ ಮಾಡುತ್ತಾರೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಅಂಚೆಯಲ್ಲಿ ಆ ಹೊಣೆ ನೇರವಾಗಿ ಇಲಾಖೆಯ ಹೆಗಲ ಮೇಲಿದೆ. ಎಲ್ಲ ಅಧಿಕಾರ ಒಂದೇ ಕೈಯಲ್ಲಿರುವುದಕ್ಕೆ ಸರ್ಕಾರದ ಕಡೆಯಿಂದ ಕೊಡಬಹುದಾದ ಸಮರ್ಥನೆ ಇದೇ. ಆದರೆ ಅಂಚೆಯಣ್ಣ ಮನೆಗೆ ಬಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಹಣ ಕೊಡುವಾಗ ಮಾತ್ರ ಆ ವ್ಯವಹಾರದ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿರುತ್ತದೆ. ಅದೇ ಚೀಲದಿಂದ ತೆಗೆದುಕೊಡುವ ಪತ್ರದ ಮೇಲೆ ಹೊರಗಿನ ಯಾರ ಕಣ್ಣೂ ಇಲ್ಲ. ಈ ಒಂದು ಚಿತ್ರ ಕೊಟ್ಟರೆ ಸ್ವತಂತ್ರ ನಿಯಂತ್ರಕ ಎಂದರೇನು ಎಂಬುದನ್ನು ಮಕ್ಕಳು ತಾವೇ ಹೇಳುತ್ತಾರೆ.

ಇದೆಲ್ಲವನ್ನೂ ಒಂದೇ ಅವಧಿಯಲ್ಲಿ ತುರುಕಬೇಡಿ. ಮೊದಲ ಅವಧಿ ಗಂಜ್, ನಾಲ್ಕು ಚೌಕ, 28 ದಿನದ ಲೆಕ್ಕ ಮತ್ತು ದೂರಿನ ದಾರಿಗೆ, ಎರಡನೆಯದು ಅಂಚೆಗೆ. ಮೌಲ್ಯಮಾಪನಕ್ಕೆ ‘ಟ್ರಾಯ್‌ನ ವಿಸ್ತೃತ ರೂಪ ಬರೆಯಿರಿ’ ಎಂಬ ಪ್ರಶ್ನೆ ಬಿಟ್ಟು ಹೀಗೆ ಕೇಳಿ ನೋಡಿ: ‘ನಿಮ್ಮ ಅಜ್ಜಿಗೆ ಟ್ರಾಯ್ ಹೆಸರಿನಲ್ಲಿ ಕರೆ ಬಂದಿದೆ, ನಂಬರು ಬಂದ್ ಮಾಡುತ್ತೇವೆ ಎನ್ನುತ್ತಿದ್ದಾರೆ. ಈ ಕರೆ ಸುಳ್ಳು ಎಂದು ಅಜ್ಜಿಗೆ ಎರಡು ಕಾರಣ ಕೊಟ್ಟು ತಿಳಿಸಿರಿ.’ ಸಿಂಧನೂರಿನ ಒಂದು ಶಾಲೆಯಲ್ಲಿ ಇದನ್ನು ಕೇಳಿದಾಗ ಒಬ್ಬ ಹುಡುಗಿ ಬರೆದ ಉತ್ತರ: ‘ಅಮ್ಮಾ, ಎಪಿಎಂಸಿಯವರು ನಿನ್ನ ಮನೆಗೆ ಬಂದು ಭತ್ತ ಒಯ್ತೀವಿ ಅಂದ್ರ ನಂಬ್ತೀಯೇನು? ಸಿಮ್ ಕೊಟ್ಟಿದ್ದು ಕಂಪನಿ, ಟ್ರಾಯ್ ಅಲ್ಲ.’ ಎರಡು ಕಾರಣ ಕೇಳಿದ್ದಕ್ಕೆ ಎರಡೂ ಬಂದಿವೆ ಎಂದು ಪ್ರಶಿಕ್ಷಣಾರ್ಥಿ ಪೂರ್ತಿ ಅಂಕ ಕೊಟ್ಟಿದ್ದರು.